ವಾಸನೆ ತಿರುಗುವ ಹೊತ್ತು

ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ನಮ್ಮ ಮನೆಯಲ್ಲಿ ತೀರ್ಪು ಕೊಡುತ್ತಿದ್ದವನು ನಾನು. ಹೆಂಡತಿ ಪಾತ್ರೆಯನ್ನು ತಂದು ನನ್ನ ಮುಖದ ಹತ್ತಿರ ಹಿಡಿಯುತ್ತಿದ್ದಳು. ನಾನು ಒಂದು ಸಲ ಉಸಿರೆಳೆದು “ಸಂಜೆವರೆಗೆ ಇರುತ್ತೆ” ಎಂದೋ “ಚೆಲ್ಲು” ಎಂದೋ ಹೇಳಿದರೆ ಅಲ್ಲಿಗೆ ಮುಗಿಯಿತು. ಪಕ್ಕದ ಮನೆಯವರ ಒಲೆಯ ಮೇಲೆ ಏನು ಸೀಯುತ್ತಿದೆ, ಮಗಳ ಚೀಲದೊಳಗೆ ಯಾವ ಹಣ್ಣು ಎಷ್ಟು ದಿನದಿಂದ ಕೊಳೆಯುತ್ತಿದೆ, ಒಗೆದ ಬಟ್ಟೆ ನಿಜವಾಗಿ ಒಣಗಿದೆಯೇ, ಎಲ್ಲವೂ ನನ್ನ ಇಲಾಖೆ. ಹೆಂಡತಿ ಎದುರು ಮಾತಾಡಿದರೆ ನಾನು ಕೇಳುತ್ತಿದ್ದದ್ದು ಒಂದೇ ಮಾತು: “ಮೂಗು ಯಾರದ್ದು?” ಅವಳು ಕೈಮುಗಿದು, “ನಿಮ್ಮದೇ ಸ್ವಾಮಿ, ನಿಮ್ಮದೇ” ಎನ್ನುತ್ತಿದ್ದಳು. ಮದುವೆಯಾಗಿ ಹದಿಮೂರು ವರ್ಷಗಳಲ್ಲಿ ನಾನು ಗೆಲ್ಲುತ್ತಿದ್ದದ್ದು ಈ ಒಂದೇ ಜಗಳ. ಮಿಕ್ಕವೆಲ್ಲ ಅವಳ ಪಾಲಿಗೆ ಹೋಗುತ್ತಿದ್ದವು.

ನನ್ನ ಕೆಲಸ ಕಾರುಗಳಿಗೆ ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಗಾಜಿನಂಥ ಹೊಳೆಯುವ ತೆಳು ಪದರ, ಹಾಕುವುದು. ಕಾರನ್ನು ತೊಳೆದು, ಬಣ್ಣವನ್ನು ಮೆಷಿನ್ನಿನಲ್ಲಿ ಪಾಲಿಶ್ ಮಾಡಿ, ಜಿಡ್ಡು ಹೋಗುವಂತೆ ಸ್ಪಿರಿಟ್ ಹಾಕಿ ಒರೆಸಿ, ಆಮೇಲೆ ಬೆರಳುದ್ದದ ಬಾಟಲಿಯಿಂದ ಏಳೆಂಟು ಹನಿಯನ್ನು ಬಟ್ಟೆ ಸುತ್ತಿದ ಸ್ಪಂಜಿಗೆ ಹಾಕಿಕೊಂಡು ಬಣ್ಣದ ಮೇಲೆ ಸವರಬೇಕು. ಸವರಿದ್ದು ಒಂದೆರಡು ನಿಮಿಷದಲ್ಲಿ ಹಿಡಿದುಕೊಳ್ಳುತ್ತದೆ. ಹಿಡಿಯುವ ಆ ಗಳಿಗೆಯಲ್ಲೇ ಮೇಲೆ ಉಳಿದದ್ದನ್ನು ಒರೆಸಿ ತೆಗೆಯಬೇಕು. ಆತುರಪಟ್ಟರೆ ಹಾಕಿದ್ದೆಲ್ಲ ಬಟ್ಟೆಗೇ ಬಂದುಬಿಡುತ್ತದೆ. ತಡ ಮಾಡಿದರೆ ಅಲ್ಲಲ್ಲೇ ಗಟ್ಟಿಯಾಗಿ ಕಪ್ಪು ಕಲೆಯಾಗಿ ಕೂರುತ್ತದೆ. ಕೂತ ಮೇಲೆ ಯಾವ ಸೋಪಿಗೂ ಯಾವ ಬೈಗುಳಕ್ಕೂ ಅದು ಜಗ್ಗುವುದಿಲ್ಲ. ಮೆಷಿನ್ ಹಿಡಿದು ಉಜ್ಜಿಯೇ ಕೀಳಬೇಕು, ಕೀಳುವಾಗ ಕಾರಿನ ಬಣ್ಣವೂ ಒಂದಿಷ್ಟು ಸವೆಯುತ್ತದೆ.

ಬೇರೆಯವರು ಗಡಿಯಾರ ನೋಡುತ್ತಾರೆ, ಟಾರ್ಚ್ ಬಿಟ್ಟು ಬಣ್ಣದ ಮೇಲೆ ಕಾಮನಬಿಲ್ಲು ಏಳುವುದನ್ನು ಕಾಯುತ್ತಾರೆ. ನಾನು ಮೂಸುತ್ತಿದ್ದೆ. ಸವರಿದಾಗ ಆ ದ್ರವಕ್ಕೆ ಕಣ್ಣಿಗೆ ಚುಚ್ಚುವಂಥ ಚೂಪು ವಾಸನೆ ಇರುತ್ತದೆ. ಹಿಡಿಯುವ ಹೊತ್ತಿಗೆ ಅದು ಸ್ವಲ್ಪ ಸಿಹಿಯಾಗುತ್ತದೆ, ಸೀದ ಸಕ್ಕರೆಯ ಹಾಗೆ. ಅದಕ್ಕೆ ನಾನು ಇಟ್ಟ ಹೆಸರು ‘ತಿರುಗುವುದು’. “ತಿರುಗ್ತು” ಎಂದು ಬಟ್ಟೆ ಎತ್ತಿಕೊಂಡೆನೆಂದರೆ ಕಾರಿನ ಮೇಲೆ ಸಾಸಿವೆಯಷ್ಟು ಕಲೆಯೂ ಉಳಿಯುತ್ತಿರಲಿಲ್ಲ. ಚಳಿಗೂ ಸೆಖೆಗೂ ಗಡಿಯಾರದ ಲೆಕ್ಕ ತಪ್ಪುತ್ತದೆ, ನನ್ನದು ಆರು ವರ್ಷದಲ್ಲಿ ತಪ್ಪಿರಲಿಲ್ಲ.

ಇದಕ್ಕೇ ಅಂಗಡಿಯಲ್ಲಿ ನನಗೆ ಮೂಗಣ್ಣ ಎಂದು ಹೆಸರು ಬಿತ್ತು. ಮೂಗಣ್ಣ ಎಂದರೆ ಮಾತು ಬಾರದ ಮೂಗ ಎಂದುಕೊಂಡು ಹೊಸ ಗಿರಾಕಿಗಳು ನನ್ನ ಮುಂದೆ ಕೈಸನ್ನೆ ಮಾಡುತ್ತಿದ್ದರು. ನಾನೂ ಸ್ವಲ್ಪ ಹೊತ್ತು ಕೈಸನ್ನೆಯಲ್ಲೇ ಉತ್ತರ ಕೊಟ್ಟು, ಆಮೇಲೆ ಬಾಯಿ ತೆರೆದು ಅವರನ್ನು ಬೆಚ್ಚಿಬೀಳಿಸುತ್ತಿದ್ದೆ. ಯಜಮಾನರು, ಅಂದರೆ ಅಂಗಡಿಯ ಮಾಲೀಕರು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ನಿನ್ನ ಮೂಗೇ ಕಣಯ್ಯ ನಮ್ಮ ಬೋರ್ಡು” ಎನ್ನುವುದು ಅವರ ಅಭ್ಯಾಸ. ಅದಕ್ಕೆ ಮುಂಚೆ ಹತ್ತು ವರ್ಷ ನಾನು ಅದೇ ಅಂಗಡಿಯ ಹಿಂಭಾಗದಲ್ಲಿ ಚಕ್ರ ತೊಳೆಯುತ್ತಿದ್ದೆ. ಕಾಲ್ಬೆರಳ ಸಂದು ಸದಾ ಬೆಳ್ಳಗೆ ಬೆಂದಿರುತ್ತಿತ್ತು, ಯಾರೂ ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, “ಏಯ್” ಅಷ್ಟೇ. ಮೂಗು ನನ್ನನ್ನು ಹಿಂಭಾಗದಿಂದ ಮುಂಭಾಗಕ್ಕೆ ತಂದಿತ್ತು.

ಮೂಸಬೇಕಾದರೆ ಮಾಸ್ಕ್ ಹಾಕುವಂತಿಲ್ಲ. ಗಾಳಿ ಸೋಸುವ ಎರಡು ಡಬ್ಬಿ ಇರುವ ಒಳ್ಳೆಯ ಮಾಸ್ಕನ್ನೇ ಯಜಮಾನರು ತಂದುಕೊಟ್ಟಿದ್ದರು, ಅದು ಮೊಳೆಗೆ ನೇತುಬಿದ್ದಿತ್ತು. ಕೋಟಿಂಗ್ ಕೋಣೆಗೆ ಒಂದು ಕಣ ಧೂಳೂ ಬರಬಾರದು, ಆದ್ದರಿಂದ ಕಿಟಕಿ ಇಲ್ಲ, ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ, ಫ್ಯಾನ್ ಬಂದ್. ಆ ಗಾಳಿಯಲ್ಲಿ ದಿನಕ್ಕೆ ಐದಾರು ಗಂಟೆ ನಾನು ಮೂಗು ಬಿಟ್ಟುಕೊಂಡು ಕಾರಿನ ಸುತ್ತ ಬಾಗಿ ಬಾಗಿ ಓಡಾಡುತ್ತಿದ್ದೆ. ತಲೆ ಭಾರವಾದರೆ ಹೊರಗೆ ಬಂದು ನೀರು ಕುಡಿದು ಮತ್ತೆ ಒಳಗೆ ಹೋಗುತ್ತಿದ್ದೆ.

ಪಕ್ಕದ ಶೆಡ್ಡಿನಲ್ಲಿ ಕಾರಿಗೆ ಬಣ್ಣ ಹೊಡೆಯುವ ಮುದುಕರೊಬ್ಬರಿದ್ದರು. ಎಲ್ಲರೂ ಪೇಂಟರಜ್ಜ ಎನ್ನುತ್ತಿದ್ದರು. ಅವರಿಗೆ ಕೋಟಿಂಗ್ ಎಂದರೆ ಆಗದು. ಕೋಟಿಂಗ್ ಆದ ಕಾರಿಗೆ ಎಲ್ಲಾದರೂ ತಗುಲಿ, ಮತ್ತೆ ಬಣ್ಣ ಹೊಡೆಯಬೇಕಾಗಿ ಬಂದರೆ, ಎಷ್ಟು ಉಜ್ಜಿದರೂ ಹೊಸ ಬಣ್ಣ ಅದರ ಮೇಲೆ ನಿಲ್ಲದೆ ಗುಳಿಗುಳಿಯಾಗಿ ಹಿಂದೆ ಸರಿಯುತ್ತಿತ್ತು. ಅದನ್ನು ತೋರಿಸಿ ನನ್ನ ಮೇಲೆ ರೇಗುತ್ತಿದ್ದರು.

“ನೋಡೋ ಇಲ್ಲಿ, ಸಿಡುಬು ಬಂದ ಹಾಗಾಗಿದೆ. ನಿನ್ನ ಕೈಚಳಕ ಇದು.”

“ಗಾಜಿನ ಥರ ಹೊಳೀತಿತ್ತಲ್ಲ ಅಜ್ಜ, ಅದು ಕಾಣಲಿಲ್ವಾ?”

“ಹೊಳೀಲಿ. ಕೆಳಗೆ ಗೀರಿದ್ರೆ ಗೀರಿನ ಮೇಲೆ ಗಾಜು, ತುಕ್ಕಿದ್ರೆ ತುಕ್ಕಿನ ಮೇಲೆ ಗಾಜು. ಒಳಗೆ ಏನಿದೆಯೋ ಅದನ್ನ ಮುಚ್ಚಿ ಬೀಗ ಹಾಕೋದು, ಅಷ್ಟೇ ನಿನ್ನ ಕೆಲಸ.” ಆಮೇಲೆ ದನಿ ತಗ್ಗಿಸಿ, “ಮಾಸ್ಕ್ ಹಾಕ್ಕೊಳ್ಳೋ. ಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿ, ಬರೀ ಮುಖದಲ್ಲಿ ನಿಂತ್ಕೋತೀಯಲ್ಲ, ಅದು ಕಾರಿಗೊಂದೇ ಅಂಟುತ್ತೆ ಅಂದ್ಕೊಂಡಿದ್ದೀಯಾ?”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ನಿಮ್ಮ ಶೆಡ್ಡಿಗೆ ಗಿರಾಕಿ ಕಮ್ಮಿ ಆಗಿದ್ದಕ್ಕೆ ಹೊಟ್ಟೆಯುರಿ ಅಜ್ಜ” ಎಂದುಬಿಟ್ಟೆ. ಅವರು ತಮ್ಮ ಮಾಸ್ಕ್ ಏರಿಸಿಕೊಂಡು ಒಳಗೆ ಹೋದರು. ಆಮೇಲೆ ಎಷ್ಟೋ ದಿನ ಮಾತಾಡಿಸಲಿಲ್ಲ.

ಹಾಗೆ ನೋಡಿದರೆ ಅಜ್ಜ ಹೇಳಿದ್ದು ನನಗೆ ಗೊತ್ತಿಲ್ಲದ್ದಲ್ಲ. ಗಿರಾಕಿಗಳ ಮೂಗಿಗೆ ತುಪ್ಪ ಸವರುವುದರಲ್ಲಿ ನಮ್ಮ ಯಜಮಾನರು ನಿಸ್ಸೀಮರು. ಇನ್ನು ಐದು ವರ್ಷ ಕಾರಿನ ಚಿಂತೆ ಬಿಟ್ಟುಬಿಡಿ ಎಂದು ಕಳಿಸುತ್ತಿದ್ದರು, ಜನ ವಾಪಸು ಬಂದು ನನ್ನ ಮೇಲೆ ಎಗರುತ್ತಿದ್ದರು. ಶಾಲೆಯ ಟೀಚರೊಬ್ಬರು ಬಾನೆಟ್ಟಿಗೆ ಕಲ್ಲು ಸಿಡಿದು ಬಣ್ಣ ಹಾರಿದ್ದನ್ನು ತೋರಿಸಿ ಅರ್ಧ ಗಂಟೆ ಪಾಠ ಮಾಡಿದರು. “ಕೋಟಿಂಗ್ ಹಾಕಿದ್ದೀನಿ ಮೇಡಂ, ಕೋಟೆ ಕಟ್ಟಿಲ್ಲ” ಎಂದೆ. ಇನ್ನೊಬ್ಬರು ಬಿಸಿಲಲ್ಲಿ ನೀರಿನ ಹನಿ ಒಣಗಿ ಕಾರಿನ ತುಂಬ ಬಿಳೀ ಉಂಗುರ ಎದ್ದಿದ್ದನ್ನು ತಂದರು. ತೊಳೆಯುವುದೇ ಬೇಡ ಎಂದು ಯಜಮಾನರು ಹೇಳಿದ್ದರಂತೆ. ಇಷ್ಟೆಲ್ಲ ನೋಡಿದವನು ನಾನು, ಆದರೆ ನನ್ನದೇ ಮುಖಕ್ಕೆ ಏನಾಗುತ್ತಿದೆ ಎಂದು ನೋಡಲಿಲ್ಲ.

ಆವತ್ತು ಕೋಣೆಯಲ್ಲಿ ಕಪ್ಪು ಕಾರೊಂದು ನಿಂತಿತ್ತು. ಕಪ್ಪು ಬಣ್ಣ ಎಂದರೆ ನಮ್ಮ ಕಸುಬಿನಲ್ಲಿ ಪರೀಕ್ಷೆ, ಏನೂ ಅಡಗುವುದಿಲ್ಲ. ಬಾನೆಟ್ಟಿನ ಅರ್ಧಕ್ಕೆ ಸವರಿ, ಬಾಗಿ, ತಿರುಗಲಿ ಎಂದು ಕಾದೆ. ತಿರುಗಲಿಲ್ಲ. ಇನ್ನೂ ಕಾದೆ. ಚಳಿಗೆ ತಡವಾಗುತ್ತಿದೆ ಎಂದುಕೊಂಡೆ. ಕೊನೆಗೆ ಅನುಮಾನ ಬಂದು ಬಟ್ಟೆ ಇಟ್ಟರೆ, ಬಟ್ಟೆ ಜಾರಲೇ ಇಲ್ಲ, ಬೆಲ್ಲದ ಪಾಕಕ್ಕೆ ಇಟ್ಟಂತೆ ಕಚ್ಚಿಕೊಂಡಿತು. ದೀಪ ಹಿಡಿದು ನೋಡಿದೆ. ಬಾನೆಟ್ಟಿನ ಮೇಲೆ ಅಂಗೈಯಗಲದ ಮಬ್ಬು ಕಲೆಗಳು, ಒಂದಲ್ಲ, ಆರು. ಬಾಟಲಿಯನ್ನು ಬೈದೆ, ಬಟ್ಟೆಯನ್ನು ಬೈದೆ, ಬಾಟಲಿ ಕಳಿಸಿದ ಕಂಪನಿಯವನ ವಂಶವನ್ನೇ ಬೈದೆ.

ಬೈಯುತ್ತಲೇ ಬಾಟಲಿಯನ್ನು ಮೂಗಿಗೆ ಹಿಡಿದೆ. ಏನೂ ಇಲ್ಲ. ಸ್ಪಿರಿಟ್ ಕ್ಯಾನಿನ ಮುಚ್ಚಳ ತೆಗೆದು ಮುಖವನ್ನೇ ಒಡ್ಡಿದೆ. ಮೂಗಿನೊಳಗೆ ತಣ್ಣಗೆ ಚುರುಗುಟ್ಟಿತು, ಕಣ್ಣಲ್ಲಿ ನೀರು ಬಂತು, ವಾಸನೆ ಮಾತ್ರ ಇರಲಿಲ್ಲ. ನನ್ನ ಕಂಕುಳನ್ನು ಮೂಸಿಕೊಂಡೆ. ಮೂಲೆಯಲ್ಲಿದ್ದ ಹಳೇ ಒರೆಸುವ ಬಟ್ಟೆಯನ್ನು ಮೂಸಿದೆ. ಊಟದ ಡಬ್ಬಿ ಬಿಚ್ಚಿ ಮೂಸಿದೆ. ಅನ್ನ ಕಾಣುತ್ತಿತ್ತು, ಹಬೆ ಕಾಣುತ್ತಿತ್ತು. ನೆಲದ ಮೇಲೆ ಕೂತುಬಿಟ್ಟೆ. ಬಾಗಿಲು ಬಡಿದು ಯಜಮಾನರು, “ಮೂಗಣ್ಣ, ಆಯ್ತಾ?” ಎಂದು ಕೇಳಿದರು. “ಬಾಟಲಿ ಸರಿ ಇಲ್ಲ ಯಜಮಾನ್ರೇ, ನಾಳೆವರೆಗೆ ಬೇಕು” ಎಂದೆ. ನಾನು ಹೇಳಿದ ಮೊದಲನೇ ಸುಳ್ಳು ಅದು.

ನೆಗಡಿ ಇರಬೇಕು ಎಂದು ಒಂದು ವಾರ, ಚಳಿ ಹೋದರೆ ಸರಿಹೋದೀತು ಎಂದು ಒಂದು ತಿಂಗಳು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಡಾಕ್ಟರ ಹತ್ತಿರ ಹೋಗಲಿಲ್ಲ, ಅವರು ‘ಹೋಯಿತು’ ಎಂದುಬಿಟ್ಟರೆ ಎಂಬ ಹೆದರಿಕೆ. ಜೇಬಿನಲ್ಲಿ ಗಡಿಯಾರ ಬಚ್ಚಿಟ್ಟುಕೊಂಡು, ಕಾಮನಬಿಲ್ಲು ಏಳುವುದನ್ನು ಕದ್ದು ನೋಡಿ, ಆಮೇಲೆ ಬೇಕೆಂದೇ ಬಾಗಿ ದೊಡ್ಡದಾಗಿ ಉಸಿರೆಳೆದು “ತಿರುಗ್ತು” ಎನ್ನುತ್ತಿದ್ದೆ. ಎಲ್ಲರೂ ಮಾಡುವ ಹಾಗೆ ಮಾಡಿದರೆ ಕೆಲಸ ನಡೆಯುತ್ತಿತ್ತು, ಅದರಲ್ಲಿ ಅವಮಾನ ಏನಿತ್ತು? ಈಗ ಕೇಳುತ್ತೇನೆ. ಆಗ ಕೇಳಿಕೊಳ್ಳಲಿಲ್ಲ. ಗಿರಾಕಿಗಳು ಹೊರಗೆ ನಿಂತು ನೋಡಲೆಂದು ಯಜಮಾನರು ಗಾಜಿನ ಗೋಡೆಯ ಹೊಸ ಕೋಣೆ ಕಟ್ಟಿಸುತ್ತಿದ್ದರು, ಬೋರ್ಡಿನ ಮೇಲೆ ಈ ಮೂಲೆಯಿಂದ ಆ ಮೂಲೆಯವರೆಗೆ ಒಂದು ಮೂಗು ಬರೆಸಿದ್ದರು. ಆ ಮೂಗು ಸತ್ತಿದೆ ಎಂದು ಯಾರ ಹತ್ತಿರ ಬಾಯಿಬಿಡಲಿ? ಮೂಗು ಹೋಗಿ ನಾನು ನಿಜವಾಗಿ ಮೂಗನೇ ಆದೆ.

ಮನೆಯಲ್ಲೂ ಅದೇ ನಾಟಕ. ಬಾಗಿಲಲ್ಲಿ ಚಪ್ಪಲಿ ಬಿಡುತ್ತ “ಆಹಾ, ಏನು ಘಮ” ಎನ್ನುತ್ತಿದ್ದೆ, ಒಲೆಯ ಮೇಲೆ ಏನಿದೆ ಎಂದು ಆಮೇಲೆ ಇಣುಕಿ ನೋಡುತ್ತಿದ್ದೆ. ಹೆಂಡತಿ ಹಾಲಿನ ಪಾತ್ರೆ ಹಿಡಿದು ಬಂದರೆ ಒಂದು ತೊಟ್ಟು ನಾಲಿಗೆಗೆ ಇಟ್ಟು ತೀರ್ಪು ಕೊಡುತ್ತಿದ್ದೆ. ಒಂದು ಸಲ ಕೆಟ್ಟ ಹಾಲಿಗೆ ಚೆನ್ನಾಗಿದೆ ಎಂದುಬಿಟ್ಟೆ. ಕಾಯಿಸಿದಾಗ ಒಡೆಯಿತು. “ಪಾತ್ರೆ ಸರಿ ತೊಳೆದಿಲ್ಲ ನೀನು” ಎಂದು ಗದರಿದೆ. ಅವಳು ಪಾತ್ರೆಯನ್ನು ಇನ್ನೊಂದು ಸಲ ತಿಕ್ಕಿ ತೊಳೆದಳು, ಪಾಪ.

ಮಗಳಿಗೆ ಹನ್ನೊಂದು ವರ್ಷ. ಅವಳಿಗೂ ನನಗೂ ಅವಳು ಚಿಕ್ಕವಳಿದ್ದಾಗಿನಿಂದ ಒಂದು ಆಟ, ಕಣ್ಣು ಮುಚ್ಚಿ ವಾಸನೆಯ ಮೇಲೆ ಹೆಸರು ಹೇಳುವುದು. ನಾಲ್ಕು ತಿಂಗಳಿಂದ ಕೆಲಸ, ಆಯಾಸ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಒಂದು ಸಂಜೆ ಅವಳು ಹಣ್ಣಿನ ವಾಸನೆ ಬರುವ ಹೊಸ ರಬ್ಬರ್ ತಂದು ನನ್ನ ಮೂಗಿನ ಕೆಳಗೆ ಹಿಡಿದಳು.

“ಅಪ್ಪಾ, ಕಣ್ಣು ಮುಚ್ಚು. ಯಾವ ಹಣ್ಣು ಹೇಳು.”

ರೆಪ್ಪೆಯ ಸಂದಿಯಿಂದ ಇಣುಕಿದೆ. ಹಳದಿ ಕಂಡಿತು. “ಬಾಳೆಹಣ್ಣು, ಇನ್ನೇನು” ಎಂದೆ.

“ಅಯ್ಯೋ, ಅಲ್ಲ! ನಿಂಬೆ!”

“ಗೊತ್ತಿತ್ತು ಬಿಡು, ತಮಾಷೆಗೆ ಹೇಳ್ದೆ.”

ಅವಳು ನಗಲಿಲ್ಲ. ರಬ್ಬರನ್ನು ತಾನೊಮ್ಮೆ ಮೂಸಿ, ಮತ್ತೆ ನನ್ನ ಮುಖ ನೋಡಿ, “ಅಮ್ಮಾ, ಅಪ್ಪನ ಮೂಗು ಕೆಟ್ಟುಹೋಗಿದೆ” ಎಂದು ಕೂಗಿದಳು. “ಮೊನ್ನೆ ನನ್ನ ಸಾಕ್ಸ್ ಪಕ್ಕದಲ್ಲೇ ಇತ್ತು, ಬೈಲೇ ಇಲ್ಲ. ಅಪ್ಪಂಗೆ ಏನೂ ಗೊತ್ತಾಗಲ್ಲ.”

ಆಗ ನಾನು ನಕ್ಕು ‘ಹೌದು ಮಗಳೇ’ ಎಂದಿದ್ದರೆ ಆಗುತ್ತಿತ್ತು. ನಾನು ಮುಖ ಗಂಟಿಕ್ಕಿಕೊಂಡು ಎದ್ದುಹೋದೆ. ನನಗೆ ನೋವಾಯಿತು ಎಂದುಕೊಂಡ ಹೆಂಡತಿ ಅಡುಗೆಮನೆಯಿಂದ ಬಂದು ಮಗಳ ಕೆನ್ನೆಗೆ ಒಂದು ಬಿಟ್ಟಳು. ಅವಳು ಮಗಳಿಗೆ ಕೈ ಎತ್ತುವವಳೇ ಅಲ್ಲ. “ಅಪ್ಪ ಅನ್ನ ತಿನ್ನಿಸ್ತಿರೋದು ಅದೇ ಮೂಗಿನಿಂದ. ಇನ್ನೊಂದು ಸಲ ಹಾಗಂದ್ರೆ ನೋಡು” ಎಂದಳು. ಮಗಳು ಕೆನ್ನೆ ಹಿಡಿದುಕೊಂಡು ನನ್ನ ಕಡೆಗೇ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಬಾಯಿ ತೆರೆಯಲಿಲ್ಲ.

ಅದೇ ವಾರ ಹೆಂಡತಿ ಒಲೆಯ ಕೆಳಗೆ ಬಗ್ಗಿ, ಸಿಲಿಂಡರಿನಿಂದ ಒಲೆಗೆ ಹೋಗುವ ಗ್ಯಾಸ್ ಪೈಪನ್ನು ಬೆರಳಲ್ಲಿ ಒತ್ತಿ ನೋಡಿದಳು.

“ರೀ, ಇದು ಗಟ್ಟಿ ಆಗ್ಬಿಟ್ಟಿದೆ. ಬಗ್ಗಿಸಿದ್ರೆ ಬಿರುಕು ಕಾಣುತ್ತೆ. ಹೊಸದು ತನ್ನಿ.”

“ಸೋರ್ತಿದೆಯಾ?”

“ಗೊತ್ತಿಲ್ಲ. ಸೋಪಿನ ನೊರೆ ಹಚ್ಚಿದ್ರೆ ಗುಳ್ಳೆ ಬರುತ್ತಂತೆ, ನೋಡಿ ಒಂದ್ಸಲ.”

ದಿನವಿಡೀ ಸೋಪಿನ ನೊರೆಯಲ್ಲೇ ಬದುಕುವ ಅಂಗಡಿಯವನು ನಾನು. ಎರಡು ನಿಮಿಷದ ಕೆಲಸ. ನಾನು ಬಗ್ಗಿ, ಪೈಪಿನ ಉದ್ದಕ್ಕೂ ಮೂಗನ್ನು ಓಡಿಸಿದೆ. ಹಾಗೆ ಮಾಡದಿದ್ದರೆ ಅವಳಿಗೆ ಅನುಮಾನ ಬರುತ್ತದಲ್ಲ, ಅದಕ್ಕೆ. “ಏನೂ ಸೋರ್ತಿಲ್ಲ. ಇಷ್ಟು ದೊಡ್ಡ ಮೂಗು ಇಟ್ಕೊಂಡು ನೊರೆ ಹಚ್ಚಿ ನೋಡ್ಲಾ? ಸೋಮವಾರ ಆದ ಮೇಲೆ ತರ್ತೀನಿ” ಎಂದೆ. ಸೋಮವಾರ ಗಾಜಿನ ಕೋಣೆ ಶುರುವಾಗುವುದಿತ್ತು.

ಶುಕ್ರವಾರ ಬೆಳಿಗ್ಗೆ ನಾನು ಅಂಗಡಿಗೆ ತಡವಾಗಿ ಹೋಗಬಹುದಿತ್ತು. ನಮ್ಮ ಬೀದಿಯನ್ನು ಅಗೆದಿದ್ದರು, ಧೂಳು ಬರುತ್ತದೆಂದು ಹೆಂಡತಿ ಮೂರು ದಿನದಿಂದ ಕಿಟಕಿಗಳನ್ನು ಮುಚ್ಚಿಟ್ಟಿದ್ದಳು. ಮಗಳನ್ನು ಶಾಲೆಗೆ ಬಿಟ್ಟು ಬಂದವಳು ಬಾಗಿಲು ತೆಗೆದು ಹೊಸ್ತಿಲಲ್ಲೇ ನಿಂತಳು.

“ರೀ, ಏನೋ ವಾಸನೆ. ಗ್ಯಾಸಾ ನೋಡಿ.”

ನಾನು ಒಂದು ಗಂಟೆಯಿಂದ ಆ ಮನೆಯೊಳಗೇ ಕೂತು ಪೇಪರ್ ಓದುತ್ತಿದ್ದೆ. ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ. ಅವಳು ನನ್ನ ಬೆನ್ನ ಹಿಂದೆ ಬಂದು ನಿಂತಳು. ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದೆ. ಏನೂ ಇರಲಿಲ್ಲ. ನನಗೆ ಎಲ್ಲಿಯೂ ಏನೂ ಇರುವುದಿಲ್ಲ ಎಂಬುದು ಆ ಕ್ಷಣ ನನಗೆ ನೆನಪಿತ್ತು, ಅದನ್ನು ನಾನು ಮರೆತಿರಲಿಲ್ಲ. ‘ಇವಳೇ, ನನಗೆ ಗೊತ್ತಾಗಲ್ಲ, ನೀನೇ ನೋಡು’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸೋಮವಾರ ನೆನಪಾಯಿತು, ಬೋರ್ಡು ನೆನಪಾಯಿತು, ಚಕ್ರ ತೊಳೆಯುವ ಹಿಂಭಾಗ ನೆನಪಾಯಿತು. ಮೂಲೆಯ ಮೊಳೆಗೆ ನನ್ನ ಕೆಲಸದ ಅಂಗಿ ನೇತಾಡುತ್ತಿತ್ತು.

“ನನ್ನ ಅಂಗಿ ಕಣೇ. ನಿನ್ನೆ ಸ್ಪಿರಿಟ್ ಚೆಲ್ಲಿತ್ತು, ಅದೇ ವಾಸನೆ.”

“ಹೌದಾ? ನಂಗೆ ಗ್ಯಾಸ್ ಥರಾನೇ ಅನ್ನಿಸ್ತಿದೆ ಕಣ್ರೀ. ತಲೆ ಸುತ್ತೋ ಹಾಗಿದೆ.”

“ಮೂಗು ಯಾರದ್ದು?”

ಅವಳು ನಕ್ಕುಬಿಟ್ಟಳು. “ನಿಮ್ಮದೇ ಸ್ವಾಮಿ, ನಿಮ್ಮದೇ” ಎಂದು ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು ಬಕೆಟ್ಟಿಗೆ ಹಾಕಿದಳು. “ಟೀ ಇಡ್ತೀನಿ, ಬೇಗ ಸ್ನಾನ ಮುಗಿಸಿ.”

ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿದೆ. ತಂಬಿಗೆ ನೀರಿಗೆ ಅದ್ದಿದ್ದೆ. ಪಾತ್ರೆ ಇಟ್ಟ ಸದ್ದು ಕೇಳಿಸಿತು, ಆಮೇಲೆ ಲೈಟರಿನ ಟಕ್ ಎನ್ನುವ ಸದ್ದು. ಎರಡನೇ ಟಕ್ ಕೇಳಿಸಲಿಲ್ಲ. ಬಚ್ಚಲಿನ ಬಾಗಿಲು ಒಳಕ್ಕೆ ಬಂದು ನನ್ನ ಭುಜಕ್ಕೆ ಬಡಿಯಿತು, ಕಿಟಕಿಯ ಗಾಜು ಬೀದಿಗೆ ಬಿದ್ದ ಸದ್ದು ಬಂತು. ಹೊರಗೆ ಓಡಿ ಬಂದಾಗ ಅವಳು ನಿಂತೇ ಇದ್ದಳು. ಎರಡೂ ಕೈಯನ್ನು ಮುಂದೆ ಚಾಚಿಕೊಂಡು, ಏನಾಯಿತು ಎಂದು ನನ್ನನ್ನೇ ಕೇಳುವವಳ ಹಾಗೆ ನಿಂತಿದ್ದಳು. ಅವಳ ಸೆರಗು ಉರಿಯುತ್ತಿತ್ತು. ನಾನು ಕಂಬಳಿ ಹೊದಿಸಿ ನೆಲಕ್ಕೆ ಕೆಡವಿದೆ. ಕೂಗಿದೆ, ಜನ ಬಂದರು.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದೇ ಅದು. “ಇಷ್ಟು ಗ್ಯಾಸ್ ತುಂಬಿಕೊಂಡಿದೆ ಅಂದ್ರೆ, ಮನೇಲಿ ಯಾರಿಗೂ ವಾಸನೆ ಬರಲಿಲ್ವಾ?”

ನಾನು ಬಾಯಿ ತೆರೆಯುವ ಮೊದಲೇ ಹಾಸಿಗೆಯಿಂದ ಅವಳ ದನಿ ಬಂತು. ತುಟಿಗಳು ಊದಿಕೊಂಡಿದ್ದವು, ಒಂದೊಂದು ಮಾತನ್ನೂ ಎತ್ತಿ ಎತ್ತಿ ಇಡುತ್ತಿದ್ದಳು. “ಇವರು ಆಗಲೇ ನೋಡಿದ್ರು. ಆಗ ಇರಲಿಲ್ಲ. ಆಮೇಲೆ ನಾನೇ ಎಲ್ಲೋ ಒಲೆಯ ತಿರುಪು ಅರ್ಧ ತಿರುಗಿಸಿ ಮರೆತಿರ್ಬೇಕು. ನಂದೇ ತಪ್ಪು.” ಡಾಕ್ಟರ್ ಬರೆದುಕೊಂಡರು. ನಾನು ಅಲ್ಲೇ ನಿಂತಿದ್ದೆ.

ಹನ್ನೆರಡು ದಿನ ಅವಳು ಅದನ್ನೇ ಹೇಳಿದಳು. ನೋಡಲು ಬಂದ ನನ್ನ ಅಕ್ಕನಿಗೆ ಹೇಳಿದಳು, ಪಕ್ಕದ ಹಾಸಿಗೆಯವರಿಗೆ ಹೇಳಿದಳು, ನೋವಿನಲ್ಲಿ ಕನವರಿಸುವಾಗಲೂ ತಿರುಪು ತಿರುಪು ಎನ್ನುತ್ತಿದ್ದಳು. “ನನ್ನ ಅಜಾಗರೂಕತೆಯಿಂದ ನಿಮಗೆಷ್ಟು ತೊಂದರೆ ನೋಡಿ” ಎಂದು ನನ್ನ ಹತ್ತಿರವೇ ಕ್ಷಮೆ ಕೇಳಿದಳು. ನಾನು ಅವಳ ತುಟಿಗೆ ಚಮಚದಲ್ಲಿ ನೀರು ಬಿಡುತ್ತ, “ಇರಲಿ ಬಿಡು” ಎಂದೆ. ಇರಲಿ ಬಿಡು ಎಂದೆ, ಕೇಳಿ! ಇಂಥ ನಾಲಿಗೆಗೆ ಏನು ಮಾಡಬೇಕು? ಪೇಂಟರಜ್ಜ ಒಂದು ಮಧ್ಯಾಹ್ನ ಬಂದು ಬಾಗಿಲಲ್ಲಿ ನಿಂತು, ಅವಳ ಕಡೆ ನೋಡಿ, ಆಮೇಲೆ ನನ್ನ ಮೂಗಿನ ಕಡೆ ನೋಡಿ, ಕಿತ್ತಳೆ ಹಣ್ಣಿನ ಚೀಲ ಇಟ್ಟು ಹೋದರು. ಸೋಮವಾರ ಬಂದು ಹೋಗಿತ್ತು. ಗಾಜಿನ ಕೋಣೆ ನನಗಾಗಿ ಕಾಯುತ್ತಿದೆ ಎಂದು ಯಜಮಾನರು ಹೇಳಿಕಳಿಸಿದ್ದರು.

ಹದಿಮೂರನೇ ದಿನ ಅವಳ ಮುಖದ ಬಟ್ಟೆಯನ್ನು ಅರ್ಧ ಬಿಚ್ಚಿದರು. ಕೈಗಳು ಮೊಣಕೈವರೆಗೂ ಸುತ್ತಿಯೇ ಇದ್ದವು. ನರ್ಸ್ ಆಚೆ ಹೋಗುವುದನ್ನೇ ಕಾದಿದ್ದವಳಂತೆ ಅವಳು ನನ್ನನ್ನು ಹತ್ತಿರ ಕರೆದಳು.

“ನಾಳೆ ನಿಮ್ಮಕ್ಕ ಮಗೂನ ಕರ್ಕೊಂಡು ಬರ್ತಾರಂತೆ.”

“ಹೂಂ.”

“ಒಂದು ಮಾತು ಕೇಳ್ತೀನಿ, ನಿಜ ಹೇಳಿ. ನನ್ನ ಮೈ ನಾರ್ತಿದೆಯಾ?” ಕಣ್ಣು ನನ್ನ ಮುಖದ ಮೇಲೇ ಇತ್ತು. “ಸುಟ್ಟ ವಾಸನೆ, ಕೀವಿನ ವಾಸನೆ. ನಂಗೆ ಮುಲಾಮು ಬಿಟ್ಟು ಏನೂ ಗೊತ್ತಾಗ್ತಿಲ್ಲ. ನರ್ಸ್‌ನ ಕೇಳಿದ್ರೆ ಇಲ್ಲ ಇಲ್ಲ ಅಂತಾರೆ, ಅವರು ಹಾಗೇ ಅಲ್ವಾ ಹೇಳೋದು. ಮಗು ಬಂದು ಹೆದರಿಕೊಂಡು ಹಿಂದೆ ಸರಿದುಬಿಟ್ರೆ ನಾನು ತಡ್ಕೊಳ್ಳಲ್ಲ ರೀ. ನಾರ್ತಿದ್ರೆ ಇನ್ನೊಂದು ವಾರ ಬೇಡ ಅನ್ನೋಣ.”

ನಾನು ಬಾಗಿದೆ. ಅವಳ ಕತ್ತಿನ ಹತ್ತಿರ, ಕೂದಲು ಸುಟ್ಟು ಚರ್ಮ ಕೆಂಪಗೆ ಒದ್ದೆಯಾಗಿದ್ದ ಜಾಗಕ್ಕೆ ಮೂಗು ತಂದು ಉಸಿರೆಳೆದೆ. ಹದಿಮೂರು ವರ್ಷದಲ್ಲಿ ಕತ್ತಲಲ್ಲೂ ಗುರುತು ಹಿಡಿಯುತ್ತಿದ್ದ ಮೈ ಅದು. ಗಾಳಿ ಒಳಗೆ ಹೋಯಿತು, ಗಾಳಿ ಹೊರಗೆ ಬಂತು.

ಇಲ್ಲ ಎಂದುಬಿಡಬಹುದಿತ್ತು. ಅವಳು ನಂಬುತ್ತಿದ್ದಳು. ನಾಳೆ ಮಗಳು ಬಾಗಿಲಲ್ಲಿ ಮೂಗು ಮುಚ್ಚಿಕೊಂಡರೆ, ಆಗಲೂ ಅವಳು ಮಗಳದ್ದೇ ತಪ್ಪು ಎನ್ನುತ್ತಿದ್ದಳು.

ಅವಳು ಊದಿದ ತುಟಿಯನ್ನು ಒಂದು ಕಡೆ ಎಳೆದು ನಕ್ಕಳು. “ಹೇಳಿ ಪರವಾಗಿಲ್ಲ. ಮೂಗು ಯಾರದ್ದು?”

“ನಂಗೆ ಗೊತ್ತಾಗಲ್ಲ ಕಣೇ” ಎಂದೆ. “ಏನೂ ಗೊತ್ತಾಗಲ್ಲ. ಹಾಲು, ಅನ್ನ, ಸ್ಪಿರಿಟ್, ಯಾವುದೂ ಇಲ್ಲ. ನಾಲ್ಕೈದು ತಿಂಗಳಾಯ್ತು. ಯಾರಿಗೂ ಹೇಳಿಲ್ಲ.”

ಅವಳ ಮುಖದ ಮೇಲಿನ ನಗು ಹಾಗೇ ಉಳಿದಿತ್ತು, ಅದನ್ನು ತೆಗೆಯುವುದಕ್ಕೂ ಅವಳಿಗೆ ನೋಯುತ್ತಿತ್ತೋ ಏನೋ. ಅವಳು ದಿನಗಳನ್ನು ಹಿಂದಕ್ಕೆ ಎಣಿಸುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಒಡೆದ ಹಾಲು, ಬಿರುಕುಬಿಟ್ಟ ಪೈಪು, ಬಕೆಟ್ಟಿಗೆ ಹಾಕಿದ ಅಂಗಿ.

“ಆವತ್ತೂನಾ?”

“ಆವತ್ತೂ.”

ನನ್ನ ಕೈ ಅವಳ ಸುತ್ತಿದ ಕೈಯ ಮೇಲಿತ್ತು. ಅದನ್ನು ಎಳೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಮುಖವನ್ನಷ್ಟೇ, ಮೆಲ್ಲಗೆ, ಗೋಡೆಯ ಕಡೆಗೆ ತಿರುಗಿಸಿದಳು. ಬೈಯುತ್ತಾಳೆ ಎಂದು ಕಾದೆ, ಬೈದರೆ ಸಾಕು ಎಂದು ಕಾದೆ.

“ಮಗು ಹೇಳಿತ್ತು” ಎಂದಳು ಗೋಡೆಗೆ. “ನಾನು ಅವಳಿಗೆ ಹೊಡೆದೆ.”